ಹವಾ ಯಂತ್ರಕ್ಕೆ ತಕ್ಕ ಗ್ಯಾಸ್ಕೆಟ್ಟು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯೆಂದರೆ ಹಂಪೆಯ ವೈಭವವನ್ನೋ ವಚನಗಳ ಹಿರಿಮೆಯನ್ನೋ ನೆನೆಯುವುದು ವಾಡಿಕೆ. ಆ ವಾಡಿಕೆಗೆ ಹೊರತಾಗಿ ಇಂದು ನಾವು ಒಂದು ಹಾಳೆಯ ವಿಷಯವನ್ನು, ಅದೂ ಯಂತ್ರದ ಎರಡು ಕಬ್ಬಿಣಗಳ ನಡುವೆ ಸಿಕ್ಕಿ ಹೊರಗಿನವರ ಕಣ್ಣಿಗೆ ಕಾಣದಿರುವ ಹಾಳೆಯ ವಿಷಯವನ್ನು, ತಮ್ಮ ಮುಂದೆ ಅರಿಕೆಮಾಡಲು ನಿಂತಿದ್ದೇವೆ. ಇದಕ್ಕೆ ಕಾರಣವುಂಟು. ದೆಹಲಿಗೆ ಮೊದಮೊದಲು ಬಂದ ಕನ್ನಡಿಗರಲ್ಲಿ ಹಲವರು ಸರಕಾರದ ಕಚೇರಿಗಳಲ್ಲಿ ಲೇಖನಿ ಹಿಡಿದು ದುಡಿದವರು. ಇಂದು ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಓಖ್ಲಾ, ಫರಿದಾಬಾದ್, ನೋಯಿಡಾ, ಮಾನೇಸರ್‌ಗಳ ಕಾರ್ಖಾನೆಗಳಲ್ಲಿ ಸ್ಪ್ಯಾನರು ಹಿಡಿದು ದುಡಿಯುತ್ತಿದ್ದಾರೆ. ಊರಿನಲ್ಲಿ ಐ.ಟಿ.ಐ. ಮುಗಿಸಿಕೊಂಡು ರೈಲು ಹತ್ತಿ ಬರುವ ಹುಡುಗರೂ ಇದ್ದಾರೆ. ಅವರ ಕೈಯ ಕೆಲಸ ಏನೆಂಬುದನ್ನು ಕನ್ನಡದಲ್ಲಿ ಕುಳಿತು ಮಾತನಾಡುವುದೂ ನಾಡಹಬ್ಬದ ಒಂದು ಭಾಗವೆಂದೇ ನಮ್ಮ ಭಾವನೆ. ನಾವು ಈ ಊರಿನ ಸುತ್ತಿನ ಕಾರ್ಖಾನೆಗಳಲ್ಲಿ ಯಂತ್ರಗಳ ದುರಸ್ತಿ ನೋಡಿಕೊಂಡು ತಲೆ ನರೆಸಿಕೊಂಡವರು. ಅದರ ಬಲದ ಮೇಲೆ ಈ ನಾಲ್ಕು ಮಾತು.

ತಾಯಂದಿರಿಗೆ ಇದು ತೀರ ಹೊಸ ವಿಷಯವಲ್ಲ. ಪ್ರೆಷರ್ ಕುಕ್ಕರಿನ ಮುಚ್ಚಳದೊಳಗಿನ ರಬ್ಬರಿನ ಬಳೆಯನ್ನು ಮನೆಮನೆಯಲ್ಲಿಯೂ ಗ್ಯಾಸ್ಕೆಟ್ಟೆಂದೇ ಕರೆಯುತ್ತಾರೆ. ಅದು ಸಡಿಲವಾದರೆ ಸೀಟಿ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಗ್ಯಾಸು ಮಾತ್ರ ಉರಿಯುತ್ತಲೇ ಇರುತ್ತದೆ. ಅಡಿಗೆಮನೆಯ ಆ ಪಾತ್ರೆಯೊಳಗೆ ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋ ಒತ್ತಡ, ಸುಮಾರು ೧೨೦ ಡಿಗ್ರಿ ಶಾಖ. ಕಾರ್ಖಾನೆಯ ಹವಾ ಯಂತ್ರದಲ್ಲಿ, ಎಂದರೆ ಕಂಪ್ರೆಸರಿನಲ್ಲಿ, ಸಾಮಾನ್ಯವಾಗಿ ಇದರ ಏಳರಷ್ಟು ಒತ್ತಡ. ಶಾಖವೋ ಕೆಲವೆಡೆ ೨೦೦ ಡಿಗ್ರಿಯವರೆಗೂ ಏರುತ್ತದೆ. ಜೊತೆಗೆ ಎಣ್ಣೆ ಬೇರೆ. ಕುಕ್ಕರಿನ ಬಳೆಯನ್ನು ಕೊಳ್ಳುವಾಗ ಅದೇ ಕಂಪನಿಯದು, ಅದೇ ಅಳತೆಯದು ಬೇಕೆಂದು ಅಂಗಡಿಯವನೊಡನೆ ವಾದಿಸುವ ನಮ್ಮ ಗೃಹಿಣಿಯರ ವಿವೇಕ ಎಷ್ಟೋ ಕಾರ್ಖಾನೆಗಳ ಯಜಮಾನರಿಗೆ ಇರುವುದಿಲ್ಲವೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಕಂಪ್ರೆಸರು ಎಲ್ಲಿದೆಯೆಂದು ಕೇಳಿದರೆ, ಎಲ್ಲಿಲ್ಲ ಎಂದು ಕೇಳಬೇಕಾಗುತ್ತದೆ. ರಸ್ತೆಯ ಬದಿಯಲ್ಲಿ ಗಾಲಿಗೆ ಹವೆ ತುಂಬುವವನ ಹತ್ತಿರ ಅದು ಇದೆ. ಹಲ್ಲಿನ ವೈದ್ಯರು ಕೊರೆಯುವ ಸಲಕರಣೆಯನ್ನು ತಿರುಗಿಸುವುದು ಅದರ ಹವೆಯೇ. ೨೦೦೨ರ ಡಿಸೆಂಬರಿನಲ್ಲಿ ಶಾಹದರಾದಿಂದ ತೀಸ್ ಹಜಾರಿಯವರೆಗೆ ಮೊದಲು ಓಡಿದ ದೆಹಲಿ ಮೆಟ್ರೋ ರೈಲಿಗೆ ಬ್ರೇಕು ಹಿಡಿಯುವುದರಲ್ಲಿಯೂ ಒತ್ತಿ ತುಂಬಿದ ಹವೆಯ ಪಾತ್ರವಿದೆ. ಆ ಮೆಟ್ರೋವಿಗೆ ಬೇಕಾದ ಡಬ್ಬಿಗಳಲ್ಲಿ ಅನೇಕವು ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದವೆಂಬುದು ನಮಗೆ ಹೆಮ್ಮೆಯ ಸಂಗತಿ. ಕೋಲಾರದ ಚಿನ್ನದ ಗಣಿಗಳಲ್ಲಿ, ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ, ಕಲ್ಲು ಕೊರೆಯುವ ಬೈರಿಗೆಗಳು ನಡೆದದ್ದು ಇದೇ ಹವೆಯ ಬಲದಿಂದ. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯಮವನ್ನಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಸಂಸ್ಥೆಗಳಲ್ಲೊಂದು, ೧೯೫೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್, ಈ ಯಂತ್ರಗಳನ್ನು ಮಾಡುವುದರಲ್ಲಿ ಹೆಸರಾಯಿತು. ಆದುದರಿಂದ ಹವಾ ಯಂತ್ರವು ಕನ್ನಡಿಗರಿಗೆ ಪರಕೀಯವೇನೂ ಅಲ್ಲ.

ಇನ್ನು ಗ್ಯಾಸ್ಕೆಟ್ಟೆಂದರೇನು? ದೆಹಲಿಯ ಮಿಸ್ತ್ರಿಗಳು ಇದನ್ನು ಪ್ಯಾಕಿಂಗ್ ಎನ್ನುತ್ತಾರೆ. ಕಬ್ಬಿಣದ ಎರಡು ಮುಖಗಳನ್ನು ಎಷ್ಟೇ ನುಣುಪಾಗಿ ಕಡೆದರೂ ಅವುಗಳ ಮೇಲೆ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಎರಡನ್ನೂ ಕೂಡಿಸಿ ಬೋಲ್ಟು ಬಿಗಿದರೂ ಆ ತಗ್ಗುಗಳ ಮೂಲಕ ಹವೆ ನುಸುಳುತ್ತದೆ. ನಡುವೆ ಕಬ್ಬಿಣಕ್ಕಿಂತ ಮೆತುವಾದ ಒಂದು ಹಾಳೆಯನ್ನಿಟ್ಟು ಬಿಗಿದರೆ ಅದು ಒತ್ತಿಗೆ ಒಳಗಾಗಿ ತಗ್ಗುಗಳನ್ನೆಲ್ಲ ತುಂಬಿ ದಾರಿಯನ್ನು ಮುಚ್ಚುತ್ತದೆ. ಹಾಳೆಗೆ ಎರಡು ಗುಣಗಳು ಬೇಕು. ತಗ್ಗಿನೊಳಗೆ ಹರಿದು ಕೂರುವಷ್ಟು ಮೆತು ಇರಬೇಕು. ಒತ್ತಿದ ಮೇಲೆ ಮತ್ತೆ ಮೇಲಕ್ಕೆ ನೂಕುವಷ್ಟು ಚೇತನವೂ ಉಳಿದಿರಬೇಕು. ಈ ಎರಡನೆಯ ಗುಣ ಹೋದ ದಿನ ಗ್ಯಾಸ್ಕೆಟ್ಟಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು, ಅದು ನೋಡಲು ಹರಿಯದೆ ಇದ್ದರೂ ಸರಿಯೆ.

ಇದನ್ನು ಆರಿಸುವವನು ಅಂಗಡಿಗೆ ಹೋಗುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎಷ್ಟು ಶಾಖ? ಯಾವ ಎಣ್ಣೆ? ಎಷ್ಟು ಒತ್ತಡ? ಎಷ್ಟು ದಪ್ಪ? ಬೆಲೆ ಎಷ್ಟು ಎಂಬುದು ಐದನೆಯ ಪ್ರಶ್ನೆ. ಬಹಳ ಕಡೆ ಈ ಐದನೆಯದೇ ಮೊದಲು ಬರುವುದರಿಂದ ಮುಂದಿನ ಅನರ್ಥಗಳೆಲ್ಲ ಆಗುತ್ತವೆ.

ಮೊದಲು ಶಾಖ. ಹವೆಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪನ್ನು ಹೊಡೆದವರಿಗೆ ಅದರ ಬುಡ ಬಿಸಿಯಾಗುವುದು ಗೊತ್ತು. ಒಂದೇ ಏಟಿಗೆ ಹವೆಯನ್ನು ವಾತಾವರಣದ ಎಂಟರಷ್ಟು ಒತ್ತಡಕ್ಕೆ ತಂದು, ಶಾಖ ಹೊರಕ್ಕೆ ಹೋಗಲು ಎಡೆಗೊಡದಿದ್ದರೆ, ಲೆಕ್ಕದ ಪ್ರಕಾರ ದೆಹಲಿಯ ಜನವರಿಯ ೫ ಡಿಗ್ರಿಯ ಹವೆ ಸುಮಾರು ೨೩೦ ಡಿಗ್ರಿಗೆ ಏರುತ್ತದೆ. ಜೂನಿನ ೪೫ ಡಿಗ್ರಿಯ ಹವೆ ಸುಮಾರು ೩೦೦ ಡಿಗ್ರಿಗೆ ಏರುತ್ತದೆ. ನಿಜವಾದ ಯಂತ್ರದಲ್ಲಿ ಸಿಲಿಂಡರಿನ ರೆಕ್ಕೆಗಳೂ ಬೀಸಣಿಗೆಯೂ ಸ್ವಲ್ಪ ಶಾಖವನ್ನು ಕಳೆಯುವುದರಿಂದ ಇಷ್ಟಕ್ಕೆ ಹೋಗುವುದಿಲ್ಲ. ಎರಡು ಹಂತಗಳಲ್ಲಿ ಒತ್ತಿ ನಡುವೆ ತಣಿಸುವ ಯಂತ್ರದಲ್ಲಿ ಲೆಕ್ಕದ ಶಾಖವೇ ಜೂನಿನಲ್ಲಿಯೂ ಪ್ರತಿಯೊಂದು ಹಂತಕ್ಕೆ ಸುಮಾರು ೧೫೫ ಡಿಗ್ರಿ. ಎಣ್ಣೆಯನ್ನು ಚಿಮುಕಿಸಿ ಒತ್ತುವ ಸ್ಕ್ರೂ ಕಂಪ್ರೆಸರಿನಲ್ಲಿ ೮೦ರಿಂದ ೧೦೦ ಡಿಗ್ರಿಯ ಸುಮಾರು. ಎಂದಮೇಲೆ ಒಂದೇ ಯಂತ್ರದಲ್ಲಿ ಹವೆ ಒಳಬರುವ ಬಾಯಿಗೆ ಸಲ್ಲುವ ಹಾಳೆ ಹೊರಹೋಗುವ ಬಾಯಿಗೆ ಸಲ್ಲದು. ಬೆಂಗಳೂರಿನ ತಂಪಿನಲ್ಲಿ ವರ್ಷಗಟ್ಟಲೆ ಬಾಳಿದ ಹಾಳೆ ಫರಿದಾಬಾದಿನ ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆಗೇ ಸುಟ್ಟು ಗಟ್ಟಿಯಾಗಬಹುದು. ಉಳಿದುದೆಲ್ಲ ಸಮನಾಗಿದ್ದು ಹತ್ತು ಡಿಗ್ರಿ ಹೆಚ್ಚಿದರೆ ರಬ್ಬರಿನ ಆಯುಷ್ಯ ಅರ್ಧವಾಗುತ್ತದೆಂದು ನಮ್ಮ ಕಸುಬಿನವರು ಒಂದು ಸ್ಥೂಲವಾದ ಲೆಕ್ಕ ಇಟ್ಟುಕೊಂಡಿರುವುದುಂಟು.

ಎರಡನೆಯದು ಎಣ್ಣೆ. ಕಪ್ಪು ರಬ್ಬರೆಲ್ಲ ಕಣ್ಣಿಗೆ ಒಂದೇ. ಎಣ್ಣೆಗೆ ಮಾತ್ರ ಒಂದೇ ಅಲ್ಲ. ಮರದ ಹಾಲಿನಿಂದಾದ ಸಹಜ ರಬ್ಬರು ಖನಿಜ ತೈಲದಲ್ಲಿ ನೆನೆದು ಉಬ್ಬಿ ಮೆತ್ತಗಾಗುತ್ತದೆ. ಇ.ಪಿ.ಡಿ.ಎಂ. ಎಂಬುದು ನೀರಿಗೂ ಹಬೆಗೂ ಬಹಳ ಒಳ್ಳೆಯದು, ಎಣ್ಣೆಗೆ ಕೆಟ್ಟದ್ದು. ನೈಟ್ರೈಲ್ ಎಂಬ ರಬ್ಬರು ಖನಿಜ ತೈಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಶಾಖ ಮಾತ್ರ ೧೦೦ ಡಿಗ್ರಿಯ ಸುಮಾರಿನಲ್ಲಿರಬೇಕು. ಅದಕ್ಕೂ ಮೇಲೆ ೨೦೦ ಡಿಗ್ರಿಯವರೆಗೆ ತಾಳುವುದು ವೈಟಾನ್ ಎಂದು ಅಂಗಡಿಗಳಲ್ಲಿ ಕರೆಯುವ ಫ್ಲೋರಿನ್ ರಬ್ಬರು. ಅದರ ಬೆಲೆಯೂ ಅಷ್ಟೇ ಮೇಲೆ. ಸಿಲಿಕೋನ್ ಶಾಖಕ್ಕೆ ಅಂಜುವುದಿಲ್ಲ. ಆದರೆ ಸುಲಭವಾಗಿ ಹರಿಯುತ್ತದೆ, ಅನೇಕ ಬಗೆಯ ಎಣ್ಣೆಗಳೊಡನೆ ಅದಕ್ಕೆ ಹೊಂದಿಕೆಯಿಲ್ಲ. ಇನ್ನೊಂದು ಎಚ್ಚರಿಕೆ ಬೇಕು. ಈಚಿನ ಕೆಲವು ಕಂಪ್ರೆಸರುಗಳಲ್ಲಿ ಖನಿಜ ತೈಲದ ಬದಲು ಎಸ್ಟರ್ ಜಾತಿಯ ಕೃತಕ ತೈಲ ಹಾಕುತ್ತಾರೆ. ಅಂಥ ಎಣ್ಣೆಯಲ್ಲಿ ನೈಟ್ರೈಲ್ ಕೂಡ ಉಬ್ಬುವುದುಂಟು. ಎಣ್ಣೆಯನ್ನು ಬದಲಾಯಿಸಿದ ದಿನ ಗ್ಯಾಸ್ಕೆಟ್ಟುಗಳನ್ನೂ ಮತ್ತೊಮ್ಮೆ ವಿಚಾರಿಸಬೇಕು. ಸಂಶಯ ಬಂದರೆ ಸುಲಭವಾದ ಪರೀಕ್ಷೆಯೊಂದಿದೆ. ಹಾಳೆಯ ಚೂರೊಂದರ ದಪ್ಪವನ್ನು ಅಳೆದು, ಅದನ್ನು ಅದೇ ಎಣ್ಣೆಯಲ್ಲಿ, ಆಗುವುದಾದರೆ ಯಂತ್ರದ ಪಕ್ಕದ ಬೆಚ್ಚನೆಯ ಎಡೆಯಲ್ಲಿ, ಕೆಲವು ದಿನ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಉಬ್ಬಿದ್ದರೆ, ಮೆತ್ತಗೆ ಜಿಗುಟಾಗಿದ್ದರೆ, ಅದು ಆ ಯಂತ್ರಕ್ಕೆ ಸಲ್ಲದು.

ರಬ್ಬರು ಸಲ್ಲದ ಕಡೆಗೆ ಬೇರೆ ಹಾಳೆಗಳಿವೆ. ಅರಾಮಿಡ್ ಎಂಬ ಬಲವಾದ ನಾರನ್ನು ನೈಟ್ರೈಲಿನೊಡನೆ ಒತ್ತಿ ಮಾಡಿದ ಹಾಳೆ ಸಿಲಿಂಡರಿನ ಹೆಡ್ಡಿಗೂ ಕೊಳವೆಯ ಸಂದುಗಳಿಗೂ ಬಳಕೆಯಲ್ಲಿದೆ. ಉಕ್ಕಿನ ತೆಳುತಗಡಿನ ಎರಡೂ ಕಡೆ ಗ್ರಾಫೈಟು ಹೊದಿಸಿದ ಹಾಳೆ ಹವೆಯಲ್ಲಿ ೪೫೦ ಡಿಗ್ರಿಯವರೆಗೂ ನಿಲ್ಲಬಲ್ಲದು. ಹೆಚ್ಚು ಕಾಯುವ ಹೊರಬಾಯಿಗೆ ಅದು ತಕ್ಕುದು. ಟೆಫ್ಲಾನನ್ನು ಯಾವ ರಾಸಾಯನಿಕವೂ ಸುಲಭವಾಗಿ ಮುಟ್ಟದು; ಆದರೆ ಬಿಗಿದ ಮೇಲೆ ಅದು ನಿಧಾನವಾಗಿ ಹರಿದು ತೆಳುವಾಗುತ್ತ ಹೋಗುವುದರಿಂದ ಬೋಲ್ಟುಗಳು ತಾವಾಗಿಯೇ ಸಡಿಲವಾಗುತ್ತವೆ. ತಾಮ್ರದ ಬಳೆ ಹಳೆಯ ಕಾಲದ ನಂಬಿಕೆಯ ವಸ್ತು. ಒಮ್ಮೆ ಒತ್ತಿದರೆ ತಾಮ್ರ ಗಟ್ಟಿಯಾಗುತ್ತದೆ. ಮತ್ತೆ ಬಳಸಬೇಕಾದರೆ ಕೆಂಪಗೆ ಕಾಯಿಸಿ ಆರಿಸಿ ಮೆತುಗೊಳಿಸಬೇಕು. ಕಾಗದವೂ ಬೆಂಡಿನ ಹಾಳೆಯೂ ಎಣ್ಣೆಯ ತೊಟ್ಟಿಯ ಮುಚ್ಚಳದಂಥ ಒತ್ತಡವಿಲ್ಲದ ಎಡೆಗಳಿಗೆ ಮಾತ್ರ.

ಮೂರನೆಯದು ಒತ್ತಡ. ಹತ್ತು ಸೆಂಟಿಮೀಟರು ವ್ಯಾಸದ ಸಿಲಿಂಡರೊಂದನ್ನು ತೆಗೆದುಕೊಳ್ಳೋಣ. ಚದರ ಸೆಂಟಿಮೀಟರಿಗೆ ೭ ಕಿಲೋ ಒತ್ತಡದಲ್ಲಿ ಅದರ ಹೆಡ್ಡನ್ನು ಹವೆ ಮೇಲಕ್ಕೆ ನೂಕುವ ಬಲ ಸುಮಾರು ೫೫೦ ಕಿಲೋ. ನಿಮಿಷಕ್ಕೆ ೭೦೦ ಸುತ್ತು ತಿರುಗುವ ಯಂತ್ರದಲ್ಲಿ ಈ ನೂಕು ನಿಮಿಷಕ್ಕೆ ೭೦೦ ಸಲ ಬಂದು ಹೋಗುತ್ತದೆ. ಇದನ್ನು ತಡೆಯುವುದು ಹಾಳೆಯೆಂದು ತಿಳಿದವರು ಬಹಳ ಮಂದಿ. ತಡೆಯುವುದು ಬೋಲ್ಟುಗಳು, ಹಾಳೆ ಸಂದನ್ನು ಮುಚ್ಚುತ್ತದೆ, ಅಷ್ಟೆ. ಆದುದರಿಂದ ಬೋಲ್ಟುಗಳನ್ನು ಎದುರುಬದುರಾಗಿ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ, ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಜೋತು ಬೀಳುವುದು ಬಲವೂ ಅಲ್ಲ, ಜಾಣತನವೂ ಅಲ್ಲ. ಹೆಚ್ಚು ಬಿಗಿದ ಹಾಳೆ ನಜ್ಜುಗುಜ್ಜಾಗುತ್ತದೆ, ಫ್ಲೇಂಜು ಬಾಗುತ್ತದೆ. ಯಂತ್ರದೊಳಗೆ ಒತ್ತಡವಿರುವಾಗ ಸೋರುವ ಸಂದನ್ನು ಬಿಗಿಯಲು ಹೋಗುವುದಂತೂ ಜೀವಕ್ಕೆ ಎರವಾಗುವ ಕೆಲಸ.

ನಾಲ್ಕನೆಯದು ದಪ್ಪ. ದಪ್ಪವಾದ ಹಾಳೆ ಹೆಚ್ಚು ಭದ್ರವೆಂಬ ತಿಳಿವಳಿಕೆ ತಪ್ಪು. ಹಾಳೆ ದಪ್ಪವಾದಷ್ಟೂ ಅದರ ಅಂಚಿನ ಮೇಲೆ ಬೀಳುವ ನೂಕು ಹೆಚ್ಚು, ಕಿತ್ತುಕೊಂಡು ಹೊರಬೀಳುವ ಸಂಭವವೂ ಹೆಚ್ಚು. ಮುಖಗಳು ಸಮತಟ್ಟಾಗಿದ್ದರೆ ತೆಳುವಾದುದೇ ಮೇಲು. ಹೆಡ್ಡಿನ ಕೆಳಗಿನ ಹಾಳೆಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪಿಸ್ಟನ್ನು ಮೇಲೇರಿ ನಿಂತಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಎಡೆಯನ್ನು ನಿರ್ಣಯಿಸುವುದರಲ್ಲಿ ಈ ಹಾಳೆಯ ದಪ್ಪದ ಪಾಲೂ ಇದೆ. ತೀರ ತೆಳುವಾದರೆ ಪಿಸ್ಟನ್ನು ಹೆಡ್ಡಿಗೆ ಬಡಿದೀತು. ದಪ್ಪವಾದರೆ ಆ ಎಡೆಯಲ್ಲಿ ಉಳಿದ ಹವೆ ಹೊರಹೋಗದೆ ಮತ್ತೆ ಹಿಗ್ಗಿ ಹೊಸ ಹವೆಗೆ ಜಾಗ ಕೊಡುವುದಿಲ್ಲ. ೮೦ ಮಿಲಿಮೀಟರು ಓಡಾಡುವ ಪಿಸ್ಟನ್ನಿನ ಮೇಲೆ ೦.೮ ಮಿಲಿಮೀಟರು ಹೆಚ್ಚು ದಪ್ಪದ ಹಾಳೆ ಹಾಕಿದರೆ, ಒಂದೇ ಹಂತದ ಯಂತ್ರದಲ್ಲಿ ಪೂರ್ತಿ ಒತ್ತಡಕ್ಕೆ ನಡೆಯುವಾಗ ಸಿಗುವ ಹವೆ ನೂರಕ್ಕೆ ನಾಲ್ಕು ಪಾಲಿನಷ್ಟು ಕಡಿಮೆಯಾಗುತ್ತದೆ. ಯಂತ್ರ ಓಡುತ್ತಿರುತ್ತದೆ, ಎಲ್ಲಿಯೂ ಸೋರುವುದಿಲ್ಲ, ಆದರೂ ಹವೆ ಸಾಲದು. ಕಾರಣ ಯಾರಿಗೂ ಹೊಳೆಯುವುದಿಲ್ಲ. ಅಳತೆಗೆ ಹಳೆಯ ಹಾಳೆಯನ್ನು ನಂಬಬಾರದು. ಅದು ಒತ್ತಿಗೆ ಸಿಕ್ಕಿ ತೆಳುವಾಗಿರುತ್ತದೆ. ಯಂತ್ರದ ಪುಸ್ತಕವನ್ನೇ ನೋಡಬೇಕು.

ಇಲ್ಲಿ ಕಲ್ನಾರಿನ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬಹುಕಾಲ ಯಂತ್ರಗಳ ಗ್ಯಾಸ್ಕೆಟ್ಟೆಂದರೆ ಕಲ್ನಾರಿನ, ಎಂದರೆ ಆಸ್‌ಬೆಸ್ಟಾಸಿನ ಹಾಳೆಯೇ ಆಗಿತ್ತು. ಅದು ಶಾಖವನ್ನು ತಾಳುತ್ತಿತ್ತು, ಅಗ್ಗವಾಗಿ ಸಿಗುತ್ತಿತ್ತು. ಅದರ ನವಿರಾದ ನಾರು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದಲ್ಲಿ ನೆಟ್ಟು ನಿಂತು, ಹತ್ತಾರು ವರ್ಷಗಳ ತರುವಾಯ ಕ್ಯಾನ್ಸರನ್ನು ತರಬಲ್ಲದೆಂಬುದು ಇಂದು ನಿಸ್ಸಂಶಯವಾಗಿ ತಿಳಿದಿದೆ; ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಇದೇ ದೆಹಲಿಯಲ್ಲಿ ಸುಪ್ರೀಂ ಕೋರ್ಟು ೧೯೯೫ರ ಜನವರಿ ೨೭ರಂದು ಕಲ್ನಾರಿನ ಕೆಲಸಗಾರರ ಬಗ್ಗೆ ಕೊಟ್ಟ ತೀರ್ಪಿನಲ್ಲಿ, ಕಾರ್ಮಿಕನ ಆರೋಗ್ಯವೂ ಅವನ ಜೀವಿಸುವ ಹಕ್ಕಿನ ಒಂದು ಭಾಗವೆಂದು ಹೇಳಿ, ಅವನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ ೪೦ ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ ೧೫ ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ರೋಗ ಅಷ್ಟು ತಡವಾಗಿ ತಲೆಯೆತ್ತುವುದರಿಂದಲೇ ದಾಖಲೆಯೂ ಅಷ್ಟು ದೀರ್ಘವಾಗಿರಬೇಕಾಯಿತು. ಹಳೆಯ ಯಂತ್ರವನ್ನು ಬಿಚ್ಚುವ ಹುಡುಗರಿಗೆ ನಮ್ಮ ಮಾತು ಇಷ್ಟೆ: ಹೆಡ್ಡಿಗೆ ಅಂಟಿಕೊಂಡ ಹಳೆಯ ಹಾಳೆಯನ್ನು ಒಣಗಿರುವಾಗ ತಂತಿಯ ಬ್ರಷ್ಷಿನಿಂದ ಉಜ್ಜಬೇಡಿ, ಹವೆಯಿಂದ ಊದಬೇಡಿ. ನೀರಿನಲ್ಲಿ ಚೆನ್ನಾಗಿ ನೆನೆಸಿ, ತಕ್ಕ ಮುಖವಾಡ ಧರಿಸಿ, ಮೆಲ್ಲನೆ ಎಬ್ಬಿಸಿ, ಚೀಲದಲ್ಲಿ ಕಟ್ಟಿಡಿ. ಆ ಬಟ್ಟೆಯಲ್ಲಿಯೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಈಗ ಹಣದ ಲೆಕ್ಕ. ತಪ್ಪಾದ ಹಾಳೆಯ ಬದಿಯಿಂದ ಸೋರುವ ಹವೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೆಲ ಒದ್ದೆಯಾಗುವುದಿಲ್ಲ. ಆದುದರಿಂದ ಯಾರೂ ಗಮನಿಸುವುದಿಲ್ಲ. ಚದರ ಸೆಂಟಿಮೀಟರಿಗೆ ೭ ಕಿಲೋ ಒತ್ತಡದಲ್ಲಿ ೩ ಮಿಲಿಮೀಟರಿನ ಒಂದು ತೂತಿನಿಂದ ಸೆಕೆಂಡಿಗೆ ಸುಮಾರು ೧೦ ಲೀಟರು ಹೊರಗಿನ ಹವೆಯಷ್ಟು ನಷ್ಟವಾಗುತ್ತದೆ. ಅದನ್ನು ಮತ್ತೆ ತುಂಬಲು ಸುಮಾರು ೪ ಕಿಲೋವಾಟು ವಿದ್ಯುತ್ತು ಬೇಕು. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ ೩೦೦ ದಿನ ನಡೆದರೆ ೧೨,೦೦೦ ಯೂನಿಟ್ಟು. ಯೂನಿಟ್ಟಿಗೆ ಎಂಟು ರೂಪಾಯಿಯೆಂದು ಹಿಡಿದರೂ ೯೬,೦೦೦ ರೂಪಾಯಿ! ಕೆಲವು ನೂರು ರೂಪಾಯಿಗಳ ಹಾಳೆಯಲ್ಲಿ ಉಳಿತಾಯ ಮಾಡಿದವರ ಲೆಕ್ಕ ಹೀಗಿರುತ್ತದೆ. ೨೦೦೨ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ತನ್ನ ಕೈಪಿಡಿಯಲ್ಲಿ ಹವಾ ಯಂತ್ರಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸೋರುವಿಕೆಯಿಂದ ಒಮ್ಮೊಮ್ಮೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಹವೆ ವ್ಯರ್ಥವಾಗುವುದನ್ನು ತಿಳಿಸಿದೆ. ತಮ್ಮ ಕಾರ್ಖಾನೆಯ ಸ್ಥಿತಿಯನ್ನು ತಿಳಿಯಲು ದೊಡ್ಡ ಉಪಕರಣವೇನೂ ಬೇಡ. ರಜೆಯ ದಿನ ಹವೆಯನ್ನು ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರೊಂದನ್ನೇ ನಡೆಸಿ. ಅದು ಎರಡು ನಿಮಿಷ ಹವೆ ತುಂಬಿ ಎಂಟು ನಿಮಿಷ ಸುಮ್ಮನಿದ್ದರೆ, ಹತ್ತರಲ್ಲಿ ಎರಡು ಪಾಲು, ಎಂದರೆ ನೂರಕ್ಕೆ ಇಪ್ಪತ್ತು, ಸೋರುತ್ತಿದೆಯೆಂದರ್ಥ. ಆಮೇಲೆ ಸಂದುಸಂದಿಗೂ ಸಾಬೂನಿನ ನೊರೆ ಹಚ್ಚುತ್ತ ಹೋದರೆ ಗುಳ್ಳೆಗಳೇ ಕಳ್ಳನನ್ನು ಹಿಡಿದುಕೊಡುತ್ತವೆ.

ಹಣ ಹೋದರೆ ಮತ್ತೆ ಗಳಿಸಬಹುದು. ಹಣಕ್ಕಿಂತ ಹೆಚ್ಚಿನದು ಹೋದ ಒಂದು ಪ್ರಸಂಗವನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ರಾಜಧಾನಿಯ ಸುತ್ತಿನ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಹವೆ ಹೊರಹೋಗುವ ಕೊಳವೆಯ ಫ್ಲೇಂಜಿನ ಹಾಳೆ ಕಿತ್ತುಹೋಯಿತು. ಉಗ್ರಾಣದಲ್ಲಿ ತಕ್ಕ ಹಾಳೆ ಇರಲಿಲ್ಲ. ಮಾಲು ಕಳಿಸುವ ಗಡುವು ಹತ್ತಿರವಿತ್ತು. ಮೇಲಿನವರು ಲಾರಿಯ ಹಳೆಯ ಟ್ಯೂಬನ್ನು ಕತ್ತರಿಸಿ ಹಾಕಲು ಹೇಳಿದರು. ಹಾಕಿದವನು ನಮ್ಮ ಗದಗಿನ ಕಡೆಯ ಹುಡುಗ, ಗುತ್ತಿಗೆಯ ಆಳು. ಎರಡು ದಿನ ಯಂತ್ರ ನಡೆಯಿತು. ಮೂರನೆಯ ದಿನ ಅವನು ಗೇಜು ನೋಡಿ ಬರೆದುಕೊಳ್ಳುತ್ತಿರುವಾಗ, ಎಣ್ಣೆಯಲ್ಲಿ ಉಬ್ಬಿ ಮೆತ್ತಗಾದ ರಬ್ಬರು ಕಿತ್ತುಕೊಂಡು ಹೊರಬಂತು. ಕಾದ ಹವೆಯೂ ಎಣ್ಣೆಯೂ ಅವನ ಮುಂಗೈಯ ಮೇಲೂ ಕೆನ್ನೆಯ ಮೇಲೂ ಹಾಯ್ದವು. ಕಣ್ಣು ಉಳಿದದ್ದು ದೈವಕೃಪೆ. ವರದಿಯಲ್ಲಿ ಬರೆದದ್ದು ಕಾರ್ಮಿಕನ ಅಜಾಗರೂಕತೆ ಎಂದು. ಆಸ್ಪತ್ರೆಯಲ್ಲಿ ಕಂಡಾಗ ಅವನು ನಮಗೆ ಹೇಳಿದ ಮಾತು ಇದು: “ಅದು ಎಣ್ಣಿಗೆ ಉಬ್ಬತೈತಿ ಅಂತ ನನಗ ಗೊತ್ತಿತ್ತರಿ ಸರ. ಆದರ ಯಾಕ ಅಂತ ಅವರು ಕೇಳಿದರ, ಹಿಂದ್ಯಾಗ ಹೇಳಾಕ ಬಾಯಿ ಬರಲಿಲ್ಲ.”

ಮಹನೀಯರೇ, ಇಂದಿನ ನಮ್ಮ ಮಾತಿನ ಸಾರವೆಲ್ಲ ಆ ಹುಡುಗನ ಮಾತಿನಲ್ಲಿದೆ. ಅವನ ಕೈಗೆ ತಿಳಿವಳಿಕೆ ಇತ್ತು, ಬಾಯಿಗೆ ಕಾರಣವಿರಲಿಲ್ಲ. ನೂರು ರೂಪಾಯಿಯ ಹಾಳೆಯನ್ನು ಆರಿಸುವುದೆಂದರೆ ಆ ಯಂತ್ರದ ಪಕ್ಕದಲ್ಲಿ ನಿಲ್ಲುವವನ ಮೈಯನ್ನು ಕುರಿತು ನಿರ್ಣಯ ಮಾಡುವುದೆಂದೇ ಅರ್ಥ. ಆ ನಿರ್ಣಯದಲ್ಲಿ ನಿಲ್ಲುವವನಿಗೂ ಒಂದು ಮಾತಿರಬೇಕು. ಬಲ್ಲವರೇ ಹೇಳಿದರೂ ಕೇಳದ ಸಂದರ್ಭಗಳುಂಟೆಂಬುದನ್ನು ಲೋಕ ಕಂಡಿದೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ ಒಂದು ನಿಮಿಷ ಚಿಲ್ಲರೆ ಸೆಕೆಂಡುಗಳಲ್ಲಿ ಆಕಾಶದಲ್ಲಿಯೇ ಒಡೆದು ಏಳು ಜನ ಮಡಿದರು. ಕಾರಣ, ರಾಕೆಟ್ಟಿನ ಎರಡು ತುಂಡುಗಳ ಸಂದಿನಲ್ಲಿದ್ದ ಓ-ರಿಂಗೆಂಬ ರಬ್ಬರಿನ ಬಳೆ ಆ ದಿನದ ಚಳಿಗೆ ಬಿಗುವಾಗಿ, ತಗ್ಗನ್ನು ತುಂಬುವ ಚೇತನವನ್ನು ಕಳೆದುಕೊಂಡದ್ದು. ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ವಿಚಾರಣೆಯ ಸಭೆಯಲ್ಲಿ ಅಂಥ ರಬ್ಬರಿನ ಚೂರನ್ನು ಮಂಜಿನ ನೀರಿನಲ್ಲಿ ಅದ್ದಿ ಇದನ್ನು ಎಲ್ಲರ ಕಣ್ಣೆದುರಿಗೆ ತೋರಿಸಿದರು. ಬಳೆಯನ್ನು ಬಲ್ಲ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹಾರಿಸಬೇಡಿರೆಂದು ವಾದಿಸಿದ್ದರು. ಮೇಲಿನವರಿಗೆ ಗಡುವು ದೊಡ್ಡದಾಗಿ ಕಂಡಿತು. ದೆಹಲಿಯ ಚಳಿ ನೈಟ್ರೈಲನ್ನು ಕೆಡಿಸುವಷ್ಟು ಕಠಿನವಲ್ಲ; ಇಲ್ಲಿಯ ವೈರಿ ಬೇಸಿಗೆ. ಆದರೆ ಗಡುವಿನ ಮುಂದೆ ವಿವೇಕ ತಲೆಬಾಗುವ ಬಗೆ ಎಲ್ಲೆಡೆಯೂ ಒಂದೇ.

ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಗೆ ಹೋದರೆ ಬೇಕಾದ ಹಾಳೆಯೂ ಸಿಗುತ್ತದೆ, ಬೇಡವಾದದ್ದೂ ಬೇಕಾದುದರ ಹೆಸರಿನಲ್ಲಿಯೇ ಸಿಗುತ್ತದೆ. ಆದುದರಿಂದ ತರುಣರಿಗೆ ಕೆಲವು ಸೂಚನೆಗಳು. ಯಂತ್ರದ ಹೆಸರು, ಬಿಡಿಭಾಗದ ಸಂಖ್ಯೆ, ಶಾಖ, ಎಣ್ಣೆ, ಒತ್ತಡ, ದಪ್ಪ ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. “ಅಂಥದೇ ಕೊಡಿ” ಎಂದು ಹಳೆಯ ಚೂರನ್ನು ತೋರಿಸಬೇಡಿ. ಹಾಳೆಯ ಮೇಲೆ ತಯಾರಕರ ಹೆಸರೂ ದರ್ಜೆಯೂ ಅಚ್ಚಾಗಿದೆಯೇ ನೋಡಿ. ಸಂಶಯವಿದ್ದರೆ ಅದರಲ್ಲಿ ಕಲ್ನಾರಿಲ್ಲವೆಂಬುದನ್ನು ಬರಹದಲ್ಲಿ ಕೇಳಿ. ಹಾಳೆಯನ್ನು ಫ್ಲೇಂಜಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕತ್ತರಿಸುವ ಅಭ್ಯಾಸ ಬಿಡಿ. ಅದರಿಂದ ಫ್ಲೇಂಜಿನ ಅಂಚೇ ಕೆಡುತ್ತದೆ. ಗುರುತು ಹಾಕಿ ಕತ್ತರಿಯಿಂದಲೂ ಪಂಚಿನಿಂದಲೂ ಕತ್ತರಿಸಿ. ಒಮ್ಮೆ ಒತ್ತಿದ ಹಾಳೆಯನ್ನು ಮತ್ತೆ ಹಾಕಬೇಡಿ. ಮುಖ ಸೊಟ್ಟಗಿದ್ದರೆ ಅದನ್ನು ಸಮ ಮಾಡಿಸಿ. ಅಂಟಿನ ಮುದ್ದೆ ಬಳಿದು ಮುಚ್ಚಬೇಡಿ, ಅದು ಹಿಂಡಿ ಒಳಗೆ ಬಂದು ಕವಾಟಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಬಾಯಿಯನ್ನು ಬಿಚ್ಚಿದಾಗ ಕರಿಗಟ್ಟಿದ ಎಣ್ಣೆಯ ಹೊಪ್ಪಳಿಕೆ ಕಂಡರೆ ಪೂರ್ತಿ ತೆಗೆದು ಸ್ವಚ್ಛಮಾಡಿ. ಕಾದ ಕೊಳವೆಯಲ್ಲಿ ಅದಕ್ಕೇ ಬೆಂಕಿ ಹತ್ತಿದ ಉದಾಹರಣೆಗಳುಂಟು. ಕೆಲಸಕ್ಕೆ ಕೈಹಾಕುವ ಮೊದಲು ಯಂತ್ರದ ವಿದ್ಯುತ್ತನ್ನು ಕಡಿದು, ಹವೆಯನ್ನೆಲ್ಲ ಬಿಟ್ಟು, ಗೇಜು ಸೊನ್ನೆಗೆ ಬಂದುದನ್ನು ಕಣ್ಣಾರೆ ಕಾಣಿ.

ಕಾರ್ಖಾನೆಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ನಮ್ಮ ಸಂಘದ ಸದಸ್ಯರಲ್ಲಿಯೂ ಒಂದು ಬಿನ್ನಹ. ಪ್ರತಿಯೊಂದು ಕಂಪ್ರೆಸರಿನ ಪಕ್ಕದಲ್ಲಿ ಅದರ ಒಂದೊಂದು ಸಂದಿಗೂ ಯಾವ ಹಾಳೆ, ಎಷ್ಟು ದಪ್ಪ, ಎಂದು ಹಾಕಿದ್ದು ಎಂಬುದನ್ನು ಬರೆದ ಫಲಕವೊಂದನ್ನು ತೂಗುಹಾಕಿಸಿ. ತಕ್ಕ ಹಾಳೆ ಎರಡೆರಡು ಜೊತೆ ಉಗ್ರಾಣದಲ್ಲಿ ಸದಾ ಇರಲಿ. ಕೆಳಗಿನ ಹುಡುಗನೊಬ್ಬ “ಇದು ನಿಲ್ಲುವುದಿಲ್ಲ” ಎಂದರೆ ಅವನ ಹಿಂದಿಯನ್ನು ತಿದ್ದುವ ಮೊದಲು ಅವನ ಮಾತನ್ನು ಕೇಳಿ. ಸಂಘದ ಕಾರ್ಯಕಾರಿ ಸಮಿತಿಗೂ ಒಂದು ಸಲಹೆಯಿದೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಹೊತ್ತು, ನಮ್ಮಲ್ಲಿರುವ ಎಂಜಿನಿಯರುಗಳು ಈ ತರುಣರೊಡನೆ ಕುಳಿತು, ಅವರ ಕೆಲಸದ ಕಾರಣಗಳನ್ನು ಮೊದಲು ಕನ್ನಡದಲ್ಲಿ ತಿಳಿಸಿ, ಅನಂತರ ಅವನ್ನೇ ಹಿಂದಿಯಲ್ಲಿ ಹೇಳುವುದು ಹೇಗೆಂಬುದನ್ನು ಕಲಿಸಲಿ. ಕನ್ನಡದಲ್ಲಿ ತಿಳಿದುಕೊಂಡವನಿಗೆ ಬೇರೆ ಭಾಷೆಯಲ್ಲಿ ಹೇಳುವುದು ಕಷ್ಟವಾಗದು. ಯಾವ ಭಾಷೆಯಲ್ಲಿಯೂ ತಿಳಿಯದವನು ಮಾತ್ರ ಮೂಕನಾಗಿ ನಿಲ್ಲುತ್ತಾನೆ. ಮೊದಲನೆಯ ಭಾನುವಾರದ ಪಾಠಕ್ಕೆ ಹಾಳೆಗಳನ್ನೂ ಅಳತೆಯ ಸಲಕರಣೆಯನ್ನೂ ಹೊತ್ತು ತರುವ ಹೊಣೆ ನಮ್ಮದು.